ಕಣಜದಲ್ಲಿ ಮಾಗಿದ ಬಿಯರು

ಬಿಯರು ಮಾಡುವುದು ಮದನನಿಗೆ ಕಷ್ಟವಾಗಲಿಲ್ಲ, ಇಡುವುದು ಕಷ್ಟವಾಯಿತು. ತಾಂಡ್ಯದ ಫ್ಯಾಕ್ಟರಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಶಿವುವಿನ ಬಾಡಿಗೆ ರೂಮಿನಲ್ಲಿ ಕಾಯಿಸಿ, ಹುಳಿ ಬರಿಸಿ, ಬಾಟಲಿಗೆ ತುಂಬಿ ಮುಚ್ಚಳ ಒತ್ತಿದ್ದ. ಇನ್ನು ತಂಪಾದ ಕತ್ತಲಲ್ಲಿ ಮೂರು ತಿಂಗಳು ಮಾಗಬೇಕಿತ್ತು. ಅಷ್ಟರಲ್ಲಿ ಮದುವೆ ಗೊತ್ತಾಗಿ ಶಿವು ರೂಮು ಖಾಲಿ ಮಾಡಿದ.

"ತಕಂಡೋಗ್ಲಾ ನಿನ್ ಸಾಮಾನ. ನೀನು ಅಬ್ಬಕ್ಕೆ ಮುಂಚೆ ಕಜ್ಜಾಯ ತಿನ್ನೋನು. ನನ್ ಬೀಗರೂಟದ ಗಂಟ ಒಂದೇ ಒಂದು ಬಾಟ್ಲು ಉಳ್ಸು, ನೋಡನ."

"ನೊರೆ ಉಕ್ಕಿಸ್ಕೊಂಡು ಕುಡಿಸ್ತೀನಿ, ಇರು," ಎಂದ ಮದನ.

ನಂಜನಗೂಡಿನ ಅವನ ಮನೆ ಮೊಟ್ಟೆಯನ್ನೂ ಹೊಸಿಲು ದಾಟಿಸದ ಮನೆ. ಅಕ್ಕಿ ಮೂಟೆಗಳ ಹಿಂದೆ ಬಾಟಲಿ ಬಚ್ಚಿಟ್ಟ ಎರಡನೆಯ ದಿನವೇ ಅವ್ವ ಚನ್ನಬಸಮ್ಮ ಕಸ ಗುಡಿಸುತ್ತ ಕಂಡುಹಿಡಿದಳು.

"ಏನ್ಲಾ ಇವು?"

"ಅರಿಷ್ಟ ಕಣವ್ವ. ಗ್ಯಾಸ್‌ಗೆ ಒಳ್ಳೇದು. ಮಾಗ್ಬೇಕು."

ಗ್ಯಾಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅಪ್ಪ ಗಂಗಾಧರಸ್ವಾಮಿ ಜಗಲಿಯಿಂದ ಎದ್ದುಬಂದರು. ಅವರ ಹೊಟ್ಟೆಯುಬ್ಬರ ಊರಿನ ಯಾವ ಔಷಧಿಗೂ ಬಗ್ಗಿರಲಿಲ್ಲ.

"ಅರಿಷ್ಟವ ಯಾರಾದ್ರೂ ಗೋಡೆ ಮೂಲೇಲಿ ಇಡ್ತಾರಾ? ನಮ್ಮಪ್ಪ ದ್ರಾಕ್ಷಾರಿಷ್ಟವ ಬತ್ತದ ರಾಶೀಲೇ ಹೂಳ್ತಿದ್ದುದು. ಕಾವು ಬೇಕು."

"ಇದಕ್ಕೆ ತಂಪು ಬೇಕು ಅಪ್ಪಾಜಿ."

"ತಂಪಲ್ಲಿಟ್ರೆ ಪಾನಕ ಆಯ್ತದೆ."

ಮುಚ್ಚುವ ಮುಂಚೆ ಮದನ ಪ್ರತಿ ಬಾಟಲಿಗೂ ಸಕ್ಕರೆ ಹಾಕಿದ್ದ. ಕಾವು ತಗುಲಿದರೆ ಅದು ಒಳಗೆ ಎಷ್ಟು ಗ್ಯಾಸ್ ಕಟ್ಟೀತೆಂದು ಅವನಿಗೆ ಗೊತ್ತಿತ್ತು. ಆದರೆ ಅದನ್ನು ಹೇಳಹೊರಟರೆ ಮಿಕ್ಕದ್ದನ್ನೂ ಹೇಳಬೇಕಾಗುತ್ತಿತ್ತು. ಅಪ್ಪ ಹೊಸ ಬತ್ತ ಸುರಿದ ಕಣಜಕ್ಕೆ ಇಳಿದು ಬಾಟಲಿಗಳನ್ನು ಒಂದೊಂದಾಗಿ ಹೂಳುತ್ತಿದ್ದರೆ, ಮದನ ಮೇಲಿನಿಂದ ಎತ್ತಿಕೊಡುತ್ತ ನಿಂತ.

ಅಪ್ಪ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದ ಒಂದು ಬೆಳಗ್ಗೆ ಕಣಜ ಢಬ್ ಎಂದಿತು. ಅವ್ವ ಇಲಿಯನ್ನು ಬೈದಳು. ಅಪ್ಪ ಕಣ್ಣು ತೆರೆಯದೆಯೇ, "ಪಕ್ವ ಆಗ್ತದೆ," ಎಂದರು. ಆ ವಾರವೆಲ್ಲ ಹೀಗೇ ಪಕ್ವವಾಗಿ, ಕೊನೆಗೆ ಬತ್ತ ಕೆದಕಿದಾಗ ಇಡಿಯಾಗಿ ಸಿಕ್ಕಿದ್ದು ಎರಡೇ ಬಾಟಲಿ.

ಒಂದನ್ನು ಅಪ್ಪ ಅಂದೇ ತೆರೆದರು. ಊಟವಾದ ಮೇಲೆ ಎರಡು ಚಮಚ, ಸಮಕ್ಕೆ ಬಿಸಿನೀರು. ಅರಿಷ್ಟದ ಕ್ರಮ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೀದಿಗೆ ಕೇಳುವಂತೆ ತೇಗಿ, "ಕಹಿ ಒಸಿ ಜಾಸ್ತಿ. ಆದ್ರೂ ಅಸಲಿ," ಎಂದರು. ಆ ಬಾಟಲಿ ಚಮಚ ಚಮಚವಾಗಿಯೇ ಮುಗಿಯಿತು.

ಬೀಗರೂಟದ ಹಿಂದಿನ ದಿನ ಅವರು ಎರಡನೆಯದಕ್ಕೆ ಕೈಹಾಕಿದಾಗ ಮದನ ಅಡ್ಡ ನಿಂತ.

"ಅಪ್ಪಾಜಿ, ಅದು ಅರಿಷ್ಟ ಅಲ್ಲ. ಬಿಯರು. ಶಿವು ಮದ್ವೆಗೆ ಅಂತ ನಾನೇ ಮಾಡಿದ್ದು."

ಗಂಗಾಧರಸ್ವಾಮಿ ಮಗನ ಮುಖ ನೋಡಿದರು. "ಸ್ನೇಹಿತನಿಗೆ ಕೊಡೋ ಆಸೆಗೆ ಔಷಧೀನ ಹೆಂಡ ಅಂತೀಯೇನೋ? ಬಿಯರಾಗಿದ್ರೆ ನನ್ನ ಗ್ಯಾಸ್ ಹೆಂಗೋ ಹೋಗ್ತಿತ್ತು?"

"ದೇವ್ರಾಣೆ ಅಪ್ಪಾಜಿ."

"ದೇವ್ರ ಹೆಸ್ರು ಬೇರೆ."

"ಅರ್ಧ ಕೊಟ್ಬುಡಿ," ಎಂದಳು ಅವ್ವ ಅಡುಗೆಮನೆಯಿಂದ. "ಬಾಡು ತಿನ್ನೋ ಜನ, ಅವ್ರಿಗೂ ಹೊಟ್ಟೆ ಉಬ್ಬರಿಸ್ತದೆ."

ನ್ಯಾಯವೆನಿಸಿತು ಅಪ್ಪನಿಗೆ. ಬಾಟಲಿ ತೆರೆದು, ಉಕ್ಕಿದ ನೊರೆಯೆಲ್ಲ ಇಳಿಯುವ ತನಕ ಕಾದು, ಅರ್ಧವನ್ನು ಹಳೆಯ ಕಷಾಯದ ಸೀಸೆಗೆ ಸೋಸಿ, ಬಟ್ಟೆಯ ಬಿರಡೆ ಜಡಿದು ಕೊಟ್ಟರು.

ಮರುದಿನ ತಿ. ನರಸೀಪುರದಲ್ಲಿ, ಶಾಮಿಯಾನದ ಹಿಂದೆ, ಶಿವು ಅದನ್ನು ಗ್ಲಾಸಿಗೆ ಬಗ್ಗಿಸಿದ. ಒಂದು ಗುಳ್ಳೆಯೂ ಏಳಲಿಲ್ಲ. ಮೂಸಿ ನೋಡಿ ಮದನನ ಕಡೆ ತಿರುಗಿದ.

"ನೊರೆ ಎಲ್ಲೋಯ್ತು? ಏನ್ಲಾ ಇದು?"

"ಅರಿಷ್ಟ ಕಣ್ಲಾ," ಎಂದ ಮದನ. "ಊಟ ಆದ್ಮೇಲೆ ಎರಡು ಚಮಚ."