ಸೂಜಿಯ ಮೇಲಿದ್ದ ದೂರು

ಚಾಪೆಯನ್ನು ಅರ್ಧ ಸುತ್ತಿಟ್ಟು, ಮೊಣಕಾಲೂರಿ, ದೊಡ್ಡಮ್ಮ ನೆಲದ ಮೇಲೆ ಅಯಸ್ಕಾಂತ ಆಡಿಸುತ್ತಿದ್ದಳು. ಹರಿದ ಬಟ್ಟೆಯಿಂದಲೇ ನೂಲು ಕಿತ್ತು, ಹರಿದದ್ದೇ ಗೊತ್ತಾಗದ ಹಾಗೆ ನೇಯ್ದು ಕೂಡಿಸುವ ರಫೂ ಕೆಲಸ ಆ ಮನೆಯದು. ಕೆಲಸ ಮುಗಿದ ಮೇಲೆ ಹೊಸ್ತಿಲ ಸಂದಿ, ಕಿಟಕಿಯ ದಂಡೆ, ಹಾಸಿಗೆಯ ಅಂಚು ಎಲ್ಲ ಕಡೆ ಅಯಸ್ಕಾಂತ ಆಡಿಸದೆ ಅಲ್ಲಿ ಯಾರೂ ಊಟಕ್ಕೆ ಕೂತವರಲ್ಲ.

"ಇವತ್ತು ಸೂಜಿ ಸಿಗಲ್ಲಮ್ಮ. ನಾನು ಕೆಲಸಾನೇ ಮಾಡಿಲ್ಲ," ಎಂದಳು ಮಗಳು. ಐದು ತಿಂಗಳ ಬಸುರಿ. ಹಿಂದಿನ ದಿನ ಹಲ್ಲು ಕೀಳಿಸಿದ್ದಳು. ದವಡೆಗೆ ಒತ್ತಿದ ಹತ್ತಿ ಬದಲಿಸಿದಷ್ಟೂ ಕೆಂಪಾಗುತ್ತಲೇ ಇತ್ತು. ಹಲ್ಲಿನ ಡಾಕ್ಟರು ಹೆದರಿ, ರಕ್ತದ ಡಾಕ್ಟರಮ್ಮನನ್ನು ಕಾಣಲು ಚೀಟಿ ಕೊಟ್ಟಿದ್ದರು.

"ಸಿಗಲಿ, ಬಿಡಲಿ. ನಾಳೆ ಗಂಡು ಮಗು ಹುಟ್ಟಿದರೆ?"

ಗಂಡು ಮಗು ಎಂದರೆ ಆ ಮನೆಗೆ ಎದೆ ಝಲ್ಲೆನ್ನುವ ಮಾತು. ಮನೆತನದ ಗಂಡುಮಕ್ಕಳಿಗೆ ಸೂಜಿ ಆಗಿಬರುವುದಿಲ್ಲ ಎಂದು ಹಿರಿಯರು ಹೇಳಿಕೊಂಡು ಬಂದಿದ್ದರು. ದೊಡ್ಡಮ್ಮನ ತಮ್ಮನಿಗೆ ಅಂಬೆಗಾಲಿಡುವಾಗಲೇ ಮೊಣಕಾಲು ಬಾತು ನೀಲಿಗಟ್ಟುತ್ತಿತ್ತು. ಹಾಲುಹಲ್ಲು ಬಿದ್ದಾಗ ನಿಲ್ಲದ ರಕ್ತದಲ್ಲಿ ಅವನು ಹೋಗಿಯೇಬಿಟ್ಟ. ಸೋದರಮಾವನದೂ ಅದೇ ಕಥೆ. ಪ್ರತಿ ಸಲ ಹುಡುಕಿದರೆ ಎಲ್ಲೋ ಒಂದು ಸೂಜಿ ಸಿಗುತ್ತಿತ್ತು. ರಫೂ ಮಾಡುವವರ ಮನೆಯಲ್ಲಿ ಸೂಜಿ ಸಿಗದೆ ಚಿನ್ನ ಸಿಗುತ್ತದೆಯೇ? ಆದರೂ ಸಿಕ್ಕ ಸೂಜಿಯೇ ಕೊಲೆಗಾರ ಎಂದು ಎಲ್ಲರೂ ನಂಬಿದರು. ಕೆಲಸದ ಕೋಣೆಗೆ ಗಂಡುಮಕ್ಕಳು ಕಾಲಿಡಬಾರದು ಎಂಬ ಕಟ್ಟಳೆ ಬಂತು.

ಕೊನೆಗೆ ತಂಗಿ ಚಿಕ್ಕಿಯ ಮಗ. ಆಗತಾನೇ ಹೆಜ್ಜೆ ಕಲಿಯುತ್ತಿದ್ದ ಕೂಸು ಬಿದ್ದು ತುಟಿ ಕಚ್ಚಿಕೊಂಡಿತು, ರಕ್ತ ನಿಲ್ಲಲೇ ಇಲ್ಲ, ಮತ್ತೆ ಏಳಲಿಲ್ಲ. ಹಾಸಿಗೆಯ ಮಡಿಕೆಯಲ್ಲಿ ಚಿಕ್ಕಿಯ ಸೂಜಿ ಸಿಕ್ಕಿತು. ಯಾರೂ ಬಾಯಿಬಿಟ್ಟು ಬೈಯಲಿಲ್ಲ. ಎಲ್ಲರೂ ಆ ಸೂಜಿಯನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು. ಅಷ್ಟೇ ಸಾಕಾಯಿತು. ಉಳಿದೊಬ್ಬ ಹೆಣ್ಣುಮಗುವನ್ನು ಕಂಕುಳಿಗೇರಿಸಿಕೊಂಡು ಚಿಕ್ಕಿ ಮನೆ ಬಿಟ್ಟಳು. "ಅಕ್ಕಾ, ತಪ್ಪು ನನ್ನದಲ್ಲ ಅಂತ ನಿನಗೆ ಅನ್ನಿಸಿದ ದಿನ ಕಾಗದ ಬರಿ. ಅಲ್ಲೀವರೆಗೆ ಬೇಡ," ಎಂದಿದ್ದಳು.

ದೊಡ್ಡಮ್ಮ ಎಷ್ಟು ಕಾಗದ ಶುರು ಮಾಡಿದಳೋ, ಎಷ್ಟು ಹರಿದಳೋ. ತಂಗಿಯೆಂದರೆ ಜೀವ, ಆದರೆ ಸೂಜಿಯನ್ನು ಕಣ್ಣಾರೆ ಕಂಡವಳು. ಸುಳ್ಳು ಬರೆದರೆ ಚಿಕ್ಕಿ ಮೊದಲ ಸಾಲಲ್ಲೇ ಹಿಡಿದುಬಿಡುತ್ತಾಳೆ. ಫೋನ್ ಮಾಡಿದರೆ ದನಿ ಕೇಳುತ್ತಲೇ ಇಟ್ಟುಬಿಡುತ್ತಿದ್ದಳು. ದಾರದ ವ್ಯಾಪಾರಿಯೊಬ್ಬ ಮಾತ್ರ ಅಲ್ಲಿಯ ಸುದ್ದಿ ಇಲ್ಲಿಗೆ ತರುತ್ತಿದ್ದ. ಚಿಕ್ಕಿಯ ಮಗಳೂ ಈಗ ಬಸುರಿ, ಏಳು ತುಂಬಿದೆ ಎಂದು ಹೋದ ವಾರ ಅವನೇ ಹೇಳಿದ್ದ.

ಮರುದಿನ ಬೆಳಿಗ್ಗೆ ತಾಯಿ ಮಗಳು ರಕ್ತದ ಡಾಕ್ಟರಮ್ಮನ ಮುಂದೆ ಕೂತಿದ್ದರು. ಆಕೆ ಮನೆತನದ ವಿಷಯ ಕೇಳಿದಳು. ದೊಡ್ಡಮ್ಮ ಸೂಜಿಯ ಪುರಾಣವನ್ನೆಲ್ಲ ಬಿಚ್ಚಿಟ್ಟಳು. ಡಾಕ್ಟರಮ್ಮ ನಗಲಿಲ್ಲ.

"ಹೋದವರೆಲ್ಲ ಗಂಡುಮಕ್ಕಳೇ ಅಲ್ವಾ? ಎಲ್ಲಾ ತಾಯಿ ಕಡೆಯವರೇ?"

"ಹೌದು."

ಪರೀಕ್ಷೆಗೆ ಮಗಳ ರಕ್ತ ತೆಗೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಇಬ್ಬರನ್ನೂ ಒಳಕೋಣೆಗೆ ಕರೆದಳು. ಅಲ್ಲಿ ಸೂಕ್ಷ್ಮದರ್ಶಕ, ಅದಕ್ಕೆ ಹೊಂದಿಸಿದ ಒಂದು ಪರದೆ. "ನೀವು ನೇಯೋರು. ಇದನ್ನ ನೀವು ನೋಡಲೇಬೇಕು. ಇದು ನನ್ನ ರಕ್ತ, ಎಲ್ಲಾ ಸರಿಯಾಗಿರೋದು."

ಪರದೆಯ ತುಂಬ ತಿಳಿನೀರಿನಂಥ ಬೆಳಕು. ಎಲ್ಲಿಂದಲೋ ಒಂದು ಎಳೆ ಮೂಡಿತು. ಅದರ ಪಕ್ಕ ಇನ್ನೊಂದು. ಅಡ್ಡಕ್ಕೊಂದು, ಓರೆಗೊಂದು. ನೋಡನೋಡುತ್ತ ಎಳೆಗೆ ಎಳೆ ಹೆಣೆದುಕೊಂಡು, ಕೂದಲಿಗಿಂತ ಎಷ್ಟೋ ನವಿರಾದ ಬಲೆ ಪರದೆಯ ಅಂಚಿನಿಂದ ಅಂಚಿಗೆ ಹರಡಿತು. ಜೀವಮಾನವೆಲ್ಲ ಹರಿದದ್ದನ್ನು ಕೂಡಿಸಿದವಳು ದೊಡ್ಡಮ್ಮ. ಇಂಥ ಕೈಕೆಲಸ ಕಂಡಿರಲಿಲ್ಲ. ಬಾಗಿ ಬಾಗಿ ಪರದೆಗೆ ಮೂಗು ತಾಗಿಸಿದಳು.

"ಇದಕ್ಕೆ ಸೂಜಿ ಎಲ್ಲಿ?"

"ಸೂಜಿ ಇಲ್ಲಮ್ಮ. ಗಾಯ ಆದ ಕಡೆ ರಕ್ತ ತಾನೇ ನೇಯ್ಕೊಳ್ಳುತ್ತೆ. ನಿಮ್ಮ ಮೈಯಲ್ಲೂ, ನನ್ನ ಮೈಯಲ್ಲೂ. ಈಗ ನಿಮ್ಮ ಮಗಳದು ನೋಡಿ."

ಮಗಳ ಹನಿಯಲ್ಲಿ ಎಳೆ ಮೂಡುವಷ್ಟರಲ್ಲಿ ಉಸಿರು ಬಿಗಿಹಿಡಿದು ಸಾಕಾಯಿತು. ಬಂದ ಎಳೆಗಳೂ ವಿರಳ, ಬಲೆ ಸಡಿಲ.

"ಹೆಣ್ಣುಮಕ್ಕಳಿಗೆ ಈ ನೇಯ್ಗೆಯ ಅಚ್ಚು ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತೆ. ನಿಮ್ಮ ಮನೆ ಹೆಣ್ಣುಮಕ್ಕಳು ಒಂದು ಕೆಟ್ಟರೂ ಇನ್ನೊಂದರಲ್ಲಿ ಹೇಗೋ ಬದುಕಿಕೊಂಡಿದ್ದೀರಿ. ಗಂಡುಮಕ್ಕಳಿಗೆ ತಾಯಿಯದೊಂದೇ. ಅದೇ ಕೆಟ್ಟಿದ್ದರೆ ಅವರಿಗೆ ಬೇರೆ ಗತಿ ಇಲ್ಲ."

"ಕೆಡಿಸಿದ್ದು ಯಾರು?"

"ಯಾರೂ ಅಲ್ಲ. ನಿಮ್ಮ ಮಗಳು ನಿಮ್ಮ ಹೊಟ್ಟೇಲಿದ್ದಾಗಲೇ ಅವಳ ಅಂಡಗಳೆಲ್ಲ ಆಗಿಹೋಗಿದ್ವು. ಈಗ ಇವಳ ಹೊಟ್ಟೇಲಿರೋ ಮಗುವಿನ ಬೀಜ ನಿಮ್ಮೊಳಗೇ ಆಗಿದ್ದು. ಹಾಗೇ ಯಾರೋ ಮುತ್ತಜ್ಜಿ ಬಸುರಾಗಿದ್ದಾಗ, ಒಳಗಿನ ಕೂಸಿಗೆ ಅಚ್ಚು ನಕಲಾಗುವಾಗ ಒಂದು ಎಳೆ ತಪ್ಪಿರಬಹುದು. ಕೋಟಿ ಕೋಟಿ ಎಳೆಯಲ್ಲಿ ಒಂದೇ ಒಂದು. ತಪ್ಪಿದ್ದಕ್ಕಲ್ಲಮ್ಮ, ಉಳಿದದ್ದೆಲ್ಲ ತಪ್ಪದೆ ಬರುತ್ತಲ್ಲ, ಅದಕ್ಕೆ ನನಗೆ ಇವತ್ತಿಗೂ ಆಶ್ಚರ್ಯ."

ದೊಡ್ಡಮ್ಮ ತನ್ನ ಬಾಡಿದ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಳು. ಇಲ್ಲಿ ಮಗಳೊಬ್ಬಳೇ ಇದ್ದಳೆಂದುಕೊಂಡಿದ್ದಳು, ಮೊಮ್ಮಗುವೂ ಇತ್ತೇ?

"ಹಾಗಾದರೆ ನಾನು... ನಮ್ಮಜ್ಜಿ ಹೊಟ್ಟೇಲಿ?"

"ನೀವೂ ಇದ್ರಿ, ನಿಮ್ಮ ತಂಗಿಯೂ ಇದ್ರು. ಬೀಜ ಬೇರೆ ಬೇರೆ, ಮನೆ ಒಂದೇ."

ಅಜ್ಜಿಯ ಒಳಗೆ ಅಮ್ಮ, ಅಮ್ಮನ ಒಳಗೆ ತಾವಿಬ್ಬರು. ದೊಡ್ಡಮ್ಮನ ಮೈ ನವಿರೆದ್ದಿತು. ಹುಟ್ಟುವುದಕ್ಕೂ ಮೊದಲೇ ತಾನು ಮತ್ತು ಚಿಕ್ಕಿ ಅಕ್ಕಪಕ್ಕ ಇದ್ದವರು!

ಮಗಳು ಕೆನ್ನೆ ಹಿಡಿದುಕೊಂಡೇ ಕೇಳಿದಳು. "ನನ್ನ ಮಗುವಿಗೇನಾಗುತ್ತೆ?"

"ಮೊದಲೇ ಗೊತ್ತಾಯಿತಲ್ಲ, ಅದೇ ಒಳ್ಳೇದು. ಇಲ್ಲದ್ದನ್ನ ತುಂಬೋ ಔಷಧಿ ಇದೆ, ಹೆರಿಗೆ ದಿನ ತಂದಿಟ್ಟುಕೊಂಡಿರ್ತೀನಿ. ಆದರೆ ಇದು ಗೊತ್ತಿಲ್ಲದ ಡಾಕ್ಟರು ಇಕ್ಕಳ ಹಾಕಿ ಮಗುವಿನ ತಲೆ ಎಳೆದರೆ ಕಷ್ಟ. ಮನೆತನದಲ್ಲಿ ಬೇರೆ ಯಾರಾದರೂ ಬಸುರಿ ಇದ್ದಾರಾ?"

ದೊಡ್ಡಮ್ಮ ದಡಬಡ ಎದ್ದಳು. "ತಂಗಿಯ ಮಗಳು. ಏಳು ತುಂಬಿದೆ."

"ಅವರಿಗೂ ಇರಬಹುದು, ಇಲ್ಲದೇನೂ ಇರಬಹುದು. ಪರೀಕ್ಷೆ ಆಗಲೇಬೇಕು. ಇವತ್ತೇ ತಿಳಿಸಿ."

ಫೋನ್ ಮಾಡಿದರೆ ಚಿಕ್ಕಿ ಇಟ್ಟುಬಿಡುತ್ತಾಳೆ, ಅವಳು ಕೇಳಿದ್ದು ಕಾಗದ. ದೊಡ್ಡಮ್ಮ ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆಯೇ ಕೂತು, ಮಗಳ ಬೆನ್ನನ್ನು ಮೇಜು ಮಾಡಿಕೊಂಡು ಬರೆಯತೊಡಗಿದಳು.

"ಕಚಗುಳಿ ಆಗುತ್ತಮ್ಮ."

"ಅಲುಗಬೇಡ, ಅಕ್ಷರ ಸೊಟ್ಟಗಾಗುತ್ತೆ."

"ನಿನ್ನ ಅಕ್ಷರ ಯಾವತ್ತು ನೆಟ್ಟಗಿತ್ತು?"

ಈ ಸಲ ಮೊದಲ ಸಾಲಿಗೆ ತಡಕಾಡಬೇಕಾಗಲಿಲ್ಲ. 'ಚಿಕ್ಕೀ, ತಪ್ಪು ನಿನ್ನದಲ್ಲ. ಇದು ನಿನ್ನ ಸಮಾಧಾನಕ್ಕೆ ಹೇಳಿದ ಮಾತಲ್ಲ, ಕಣ್ಣಾರೆ ನೋಡಿ ಬರೆಯುತ್ತಿದ್ದೇನೆ.' ಆಮೇಲೆ ರಕ್ತ ನೇಯುವುದನ್ನು ಬರೆದಳು, ಅಜ್ಜಿಯ ಹೊಟ್ಟೆಯನ್ನು ಬರೆದಳು, ಮಗಳನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಲು ಬರೆದು ಅದರ ಕೆಳಗೆ ಗೀಟೆಳೆದಳು. ಡಾಕ್ಟರಮ್ಮ ತನ್ನ ಫೋನ್ ನಂಬರನ್ನೂ ಒಂದು ಚೀಟಿಯಲ್ಲಿ ಬರೆದು ಸೇರಿಸಿದಳು.

ಅಂಚೆ ಕಚೇರಿಯ ಗುಮಾಸ್ತ ಲಕೋಟೆಯನ್ನು ಕೈಯಲ್ಲೇ ತೂಗಿ ನೋಡಿದ. "ಏನಜ್ಜಿ, ಸೀರೆ ಮಡಿಸಿ ಇಟ್ಟಿದ್ದೀರಾ?"

"ಮಾತು ಕಣಪ್ಪ. ಎಲ್ಲಕ್ಕಿಂತ ಬೇಗ ಹೋಗೋದರಲ್ಲಿ ಹಾಕು. ಯಾವಾಗ ಮುಟ್ಟುತ್ತೆ?"

"ನಾಳೆ ಮಧ್ಯಾಹ್ನ."

"ನಾಳೇನೇ?" ದೊಡ್ಡಮ್ಮ ಕಿಟಕಿಗೆ ಇನ್ನಷ್ಟು ಬಾಗಿದಳು. ಇಷ್ಟು ವರ್ಷ ಚಿಕ್ಕಿ ಇದ್ದದ್ದು ಒಂದು ದಿನದ ದಾರಿಯಲ್ಲಿ!

"ನಿನ್ನೆ ತಂದಿದ್ದರೆ ಇವತ್ತೇ ಮುಟ್ಟಿರೋದು," ಎಂದ ಗುಮಾಸ್ತ, ಠಪ್ಪನೆ ಮುದ್ರೆ ಒತ್ತಿ ಲಕೋಟೆಯನ್ನು ಚೀಲದೊಳಕ್ಕೆ ಎಸೆದ.