ಕಾಲೇಜಿನ ಹೆಸರು ಅನ್ನೋ ಕಾಲಮ್ಮು

"ಕಾಲೇಜಿನ ಹೆಸರು ಕೇಳಿದ್ರೆ ಪ್ರಿಂಟಿಂಗ್ ಪ್ರೆಸ್ಸಿನ ಹೆಸರು ಬರೆದಿದ್ದಾನಲ್ಲ ಈ ಮಹಾನುಭಾವ! ಬಿಟ್ರೆ ನಾಳೆ ಹಿಟ್ಟಿನ ಗಿರಣಿಯಿಂದಲೂ ಅರ್ಜಿ ಬರುತ್ತೆ!"

ಪ್ರಿನ್ಸಿಪಾಲರು ನನ್ನ ಅರ್ಜಿ ಎತ್ತಿ ಹಿಡಿದು ಮೈಕಿನಲ್ಲಿ ಹೀಗಂದಾಗ ಇಡೀ ಸಭೆ ಗೊಳ್ಳೆಂದಿತು. ಐದು ನಿಮಿಷದ ಹಿಂದೆ ಅದೇ ಮೈಕಿನಲ್ಲಿ, "ಏಳನೇ ನಂಬರಿಗೆ ಮೊದಲ ಸ್ಥಾನ" ಅಂದಿದ್ದರು. ಗೋಡೆ ಮೇಲಿನ ಚಿತ್ರಗಳಿಗೆ ಹೆಸರಿರಲಿಲ್ಲ, ಬರೀ ನಂಬರು. ಏಳನೆಯದು ನನ್ನದು. ಅದರಲ್ಲಿ ಕಚೇರಿಯ ಖಾಲಿ ಕುರ್ಚಿಗೆ ಸಾಹೇಬರ ಕೋಟು ನೇತುಹಾಕಿದೆ, ಜನ ಸಾಲುಗಟ್ಟಿ ಆ ಕೋಟಿಗೇ ಕೈ ಮುಗೀತಿದ್ದಾರೆ. ಅದಕ್ಕೆ ನಕ್ಕ ಬಾಯಿಗಳೇ ಈಗ ನನಗೂ ನಕ್ಕವು.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಪ್ರೆಸ್ಸಿನಲ್ಲಿ ಕಾಗದ ಕತ್ತರಿಸೋದು ಕೆಲಸ. ಉಳಿದ ಚೂರುಗಳ ಮೇಲೆ ಏಳು ವರ್ಷದಿಂದ ಚಿತ್ರ ಬರೀತಿದ್ದೇನೆ. ಅಲ್ಲಿ ಮಷಿನ್ನಿನ ಸದ್ದಿಗೆ ಮಾತು ಕೇಳಿಸಲ್ಲ, ರೂಮಿನಲ್ಲಿ ಮಾತಾಡೋಕೆ ಜನವಿಲ್ಲ. ಬರೆದದ್ದನ್ನು ಗೋಡೆಗೆ ಒರಗಿಸಿ, ಹಿಂದೆ ಸರಿದು ನಿಂತು, ನಾನೇ "ಪರವಾಗಿಲ್ಲ" ಅಂದುಕೊಳ್ತೇನೆ.

ವ್ಯಂಗ್ಯಚಿತ್ರ ಕಲಿಯೋ ಕಾಲೇಜು ಹುಡುಗರಿಗೆ ವಿದ್ಯಾರ್ಥಿವೇತನ ಅಂತ ಬಂದ ಪೋಸ್ಟರಿನ ಅಂಚು ಕತ್ತರಿಸಿದವನೂ ನಾನೇ. ಆಯ್ಕೆಯಾದ ಎಂಟು ಜನ ವರ್ಷಪೂರ್ತಿ ಒಂದೇ ಮೇಜಿನ ಸುತ್ತ ಕೂತು ಬರೀಬೇಕು ಅಂತ ಅದರ ಕೆಳಗಿತ್ತು. ದುಡ್ಡು ಹಾಳಾಗಿ ಹೋಗಲಿ, ನನಗೆ ಆ ಮೇಜು ಬೇಕಿತ್ತು. ಪಕ್ಕದವನು ನನ್ನ ಹಾಳೆಯತ್ತ ಬಗ್ಗಿ, "ಥೂ, ಇದು ಕೈಯೋ ಸೌಟೋ?" ಅನ್ನಬೇಕಿತ್ತು.

ದೂರದಲ್ಲಿರೋ ಅಕ್ಕ ಫೋನಿನಲ್ಲಿ, "ಒಂದು ಕಾಲಮ್ಮೂ ಖಾಲಿ ಬಿಡ್ಬೇಡ ಕಣೋ, ಓದದೇ ಬಿಸಾಕ್ತಾರೆ" ಅಂದಿದ್ದಳು. ಸುಳ್ಳು ಕಾಲೇಜು ಬರೆಯೋಕೆ ಕೈ ಬರಲಿಲ್ಲ. ಪ್ರೆಸ್ಸಿನ ಹೆಸರು ಬರೆದೆ.

ತೀರ್ಪುಗಾರರಲ್ಲಿ ಒಬ್ಬರು, ಪತ್ರಿಕೆಯೊಂದರ ಹಳೇ ವ್ಯಂಗ್ಯಚಿತ್ರಕಾರರು, "ಚಿತ್ರ ಬರೆದದ್ದು ಕೈ ಅಲ್ವಾ ಸಾರ್, ಕಾಲೇಜೇನು ಬರೀತದೆ?" ಅಂದರು.

"ನಿಯಮ ಅಂದ್ರೆ ನಿಯಮ ಸ್ವಾಮಿ."

ಹಿರಿಯರು ಕನ್ನಡಕ ತೆಗೆದು ಒರೆಸತೊಡಗಿದರು. ಅಷ್ಟೇ. ಅಷ್ಟರಲ್ಲೇ ಮುಗೀತು ಅವರ ಶೌರ್ಯ. ನನ್ನ ಜಾಗಕ್ಕೆ ಒಂಬತ್ತನೇ ಸ್ಥಾನದವಳನ್ನು ಕರೆದರು.

ಗೋಡೆಯಿಂದ ನನ್ನ ಚಿತ್ರ ಕಿತ್ತೆ. ಮೂಲೆ ಹರೀತು, ಹರೀಲಿ. ಬಾಗಿಲು ದಾಟುವಾಗ ಹಿಂದೆ ಚಪ್ಪಲಿ ಸದ್ದು. ಆ ಒಂಬತ್ತನೆಯ ಹುಡುಗಿ, ಓಡಿ ಬಂದಿದ್ದಳು.

"ಒಂದ್ನಿಮಿಷ ಇರಿ! ನಿಮ್ಮ ಚಿತ್ರದ ಸಾಲಲ್ಲಿರೋ ಮುದುಕನ ಬೆನ್ನು... ಪೆನ್ನು ಎತ್ತದೇ ಒಂದೇ ಗೆರೆಯಲ್ಲಿ ಬರೆದಿದ್ದೀರಲ್ಲ, ಹೇಗೆ? ನಾನು ನೂರು ಸಲ ಬರೆದ್ರೂ ನಡುವೆ ತುಂಡಾಗುತ್ತೆ."

ಅಣಕವಿರಲಿಲ್ಲ ಆ ದನಿಯಲ್ಲಿ. ಅವಳ ಬೆರಳಿಗೆಲ್ಲ ಮಸಿ. ಏಳು ವರ್ಷದಲ್ಲಿ ಯಾರೂ ಕೇಳದ ಮಾತು. ಉತ್ತರ ಗೊತ್ತಿತ್ತು: ಮಣಿಕಟ್ಟು ಅಲ್ಲಾಡಬಾರದು, ಇಡೀ ತೋಳು ತಿರುಗಬೇಕು. ನಾಲಿಗೆ ತುದಿಗೆ ಬಂತು. ಒಳಗೆ ಇನ್ನೂ ಯಾರೋ ನಗುತ್ತಿದ್ದರು.

"ಹೇಳಿ, ಪ್ಲೀಸ್" ಅಂದಳು.

ಚಿತ್ರ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದೆ. ಗೇಟು ದಾಟೋವರೆಗೂ ಹಿಂದೆ ತಿರುಗಲಿಲ್ಲ.