ಅಜ್ಜಿಯ ಪಾಲು

ರೈಲು ಹತ್ತಿದಾಗಿನಿಂದ ಮಾತ್ರೆ ನುಂಗು ಎಂದು ಮೂರು ಸಲ ಹೇಳಿದೆ. ಮೂರು ಸಲವೂ ಅಪ್ಪ ಅದನ್ನು ನನ್ನ ಅಂಗೈಗೇ ವಾಪಸ್ ಇಟ್ಟ.

"ಸೊರೊಚೆ, ಈ ಎತ್ತರದ ಕಾಯಿಲೆ, ಹತ್ತೋದು ನಿಮ್ಮಂಥ ಲಿಮಾದವರಿಗೆ, ನೆಲಿದಾ. ನಾನು ಬೆಟ್ಟದ ಮೇಲೇ ಹುಟ್ಟಿದೋನು. ಈ ಗಾಳಿ ನನ್ನ ರಕ್ತದಲ್ಲೇ ಇದೆ."

"ಇಳಿದು ಬಂದು ಐವತ್ತೆರಡು ವರ್ಷ ಆಯ್ತಪ್ಪ! ನಿನ್ನ ರಕ್ತದಲ್ಲಿ ಈಗ ಮೀನು ಸಾರು ಬಿಟ್ಟರೆ ಇನ್ನೇನೂ ಇಲ್ಲ."

ಎದುರು ಸೀಟಿನ ದಪ್ಪ ಮನುಷ್ಯ ಕಿಸಕ್ಕೆಂದ. "ಮಗಳ ಮಾತು ಕೇಳಿ ತಾತ. ನಾನಂತೂ ಎರಡು ನುಂಗಿದೀನಿ."

"ನುಂಗಿ ನುಂಗಿ. ಮೇಲೆ ಹೋದ್ಮೇಲೆ ಯಾರು ವಾಂತಿ ಮಾಡ್ಕೋತಾರೋ ನೋಡೇಬಿಡೋಣ," ಎಂದ ಅಪ್ಪ, ಹುರಿದ ಹಂದಿಮಾಂಸದ ಇನ್ನೊಂದು ತುಂಡು ಬಾಯಿಗಿಟ್ಟುಕೊಳ್ಳುತ್ತ. ಸಾಯಲಿ ಎಂದು ಸುಮ್ಮನಾದೆ. ಅಲ್ಲೇ ನಾನು ಕೆಟ್ಟೆ. ಬಾಯಿ ಹಿಡಿದು ತುರುಕಬೇಕಿತ್ತು.

ಅವತ್ತು ಸಕಲ ಸಂತರ ಹಬ್ಬ. ಸತ್ತವರು ತಮ್ಮ ಸಮಾಧಿಗೆ ಊಟಕ್ಕೆ ಬರುತ್ತಾರೆ, ಮರುದಿನ ಮಧ್ಯಾಹ್ನ ಹೊರಟುಬಿಡುತ್ತಾರೆ. ಯಾರೂ ಏನೂ ಇಡದಿದ್ದರೆ ಹಸಿದುಕೊಂಡೇ ಹೋಗುತ್ತಾರೆ. ಅಪ್ಪನ ತಾಯಿಯನ್ನು ಹೂತಿದ್ದು ಪುಕಾಮಾರ್ಕ ಎಂಬ ಗಣಿ ಕ್ಯಾಂಪಿನಲ್ಲಿ. ಗಣಿ ಮುಚ್ಚಿತು, ಮನೆಗಳು ಬಿದ್ದವು, ರಸ್ತೆ ಕೊಚ್ಚಿಹೋಯಿತು. ಈಗ ಆ ಸಮಾಧಿಗಳ ಪಕ್ಕ ಹಾಯುವುದು ಈ ರೈಲೊಂದೇ, ಅದೂ ರಜೆಗೆ ಬಂದವರಿಗೆ ಬೆಟ್ಟ ತೋರಿಸಲು, ವರ್ಷಕ್ಕೆ ನಾಲ್ಕೈದು ಸಲ. ಅಲ್ಲಿ ಅದು ನಿಲ್ಲುವುದಿಲ್ಲ. ಹಾಗಾಗಿ ಅಪ್ಪ ಮಗುವಿನ ಆಕಾರದ ಹಬ್ಬದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಿಟಕಿಯಿಂದ ಎಸೆಯಬೇಕು, ಅಮ್ಮನಿಗೆ ತಲುಪಬೇಕು. ಅಷ್ಟೇ ಅವನ ಪ್ರವಾಸ.

"ಎಲ್ಲಿ ಬರುತ್ತೆ ಅದು?" ಎಂದು ಕೇಳಿದ್ದೆ.

"ಬಂದಾಗ ತೋರಿಸ್ತೀನಿ ಬಿಡು. ಎಷ್ಟು ತಲೆ ತಿಂತೀಯ!"

ಸ್ಯಾನ್ ಮಾಟೆಯೊ ದಾಟಿದ ಮೇಲೆ ಅವನ ಮಾತು ನಿಂತಿತು. ತುಟಿ ನೀಲಿಯಾಯಿತು. ನಾನು "ಅಪ್ಪಾ" ಎನ್ನುವಷ್ಟರಲ್ಲಿ ನನ್ನ ಭುಜದ ಮೇಲೆ ಒರಗಿಬಿಟ್ಟ. ರೈಲಿನ ನರ್ಸಮ್ಮ ಆಮ್ಲಜನಕದ ಸಿಲಿಂಡರ್ ಎಳೆದುಕೊಂಡು ಓಡಿಬಂದಳು. ಅವನನ್ನು ಸೀಟಿನ ಮೇಲೆ ಮಲಗಿಸಿ ಮೂಗುಬಾಯಿಗೆ ಮಾಸ್ಕ್ ಕಟ್ಟಿದಳು.

"ರೈಲು ನಿಲ್ಲಿಸಿ!" ಎಂದು ಕಿರುಚಿದೆ.

"ಇಲ್ಲಿ ನಿಲ್ಲಿಸಿ ಏನ್ ಮಾಡ್ತೀರಿ ಸೆನ್ಯೋರಾ? ಆಸ್ಪತ್ರೆ ಇರೋದು ಘಟ್ಟದ ಆಚೆ. ಹತ್ತಿಯೇ ಇಳೀಬೇಕು," ಎಂದಳು ನರ್ಸಮ್ಮ.

ಅದೇ ಹೊತ್ತಿಗೆ ಕಿಟಕಿಯಾಚೆ ಶಿಲುಬೆಗಳು ಕಂಡವು. ಇದೇನಾ?

"ಅಪ್ಪಾ, ಕಣ್ಣು ಬಿಡು! ಇದೇನಾ?"

ಬಿಡಲಿಲ್ಲ. ಶಿಲುಬೆಗಳು ಹಿಂದೆ ಹೋದವು. ಟಿಕೆಟ್ ನೋಡುವ ಹುಡುಗಿಯನ್ನು ತಡೆದು, ಪುಕಾಮಾರ್ಕ ಎಲ್ಲಿ ಎಂದೆ.

"ಆ ಹೆಸರಿನ ಸ್ಟೇಷನ್ ಇಲ್ವಲ್ಲ," ಎಂದಳು ಪಾಪ.

"ಸ್ಟೇಷನ್ ಅಲ್ಲ ಕಣಮ್ಮ, ನಮ್ಮಜ್ಜಿ!" ಎಂದು ಅರಚಿದೆ. ದಪ್ಪ ಮನುಷ್ಯ ನಗು ಬಿಟ್ಟು, ಎದ್ದು ನಿಂತು ಕಿಟಕಿ ತೆರೆದುಕೊಟ್ಟ. ತಣ್ಣನೆ ಗಾಳಿ ನುಗ್ಗಿತು. ತಿರುವಿನಲ್ಲಿ ಇನ್ನೊಂದಷ್ಟು ಶಿಲುಬೆಗಳು, ಮುರಿದವು, ಹತ್ತಿರ ನರಪಿಳ್ಳೆ ಇಲ್ಲ. ಪಾಳುಬಿದ್ದ ಕ್ಯಾಂಪು ಅಂದರೆ ಇದೇ ಇರಬೇಕು. ಇದೂ ತಪ್ಪಿದರೆ? ವಾಪಸ್ ರೈಲು ನಾಲ್ಕು ದಿನ ಬಿಟ್ಟು, ಅಷ್ಟರಲ್ಲಿ ಅಜ್ಜಿ ಹೊರಟುಹೋಗಿರುತ್ತಾಳೆ. ಬಟ್ಟೆ ಬಿಚ್ಚಿ, ಬ್ರೆಡ್ಡನ್ನು ಬಲವಾಗಿ ಎಸೆದೆ. ಅದು ಒಂದು ಶಿಲುಬೆಯ ಬುಡದಲ್ಲೇ ಬಿತ್ತು.

ಆಮೇಲೆ ರೈಲು ಒಂದು ಕಬ್ಬಿಣದ ಸೇತುವೆ ದಾಟಿತು. ಸೇತುವೆಯಾಚೆ, ಒಂದು ಕೆಂಪು ಬಂಡೆಯ ಕೆಳಗೆ, ಮತ್ತೆ ಶಿಲುಬೆಗಳು. ಹತ್ತೋ ಹನ್ನೆರಡೋ. ಅಲ್ಲೂ ಯಾರೂ ಇರಲಿಲ್ಲ. ನನ್ನ ಕೈಯಲ್ಲಿ ಬರೀ ಬಟ್ಟೆ ಇತ್ತು.

ಅಪ್ಪ ಕಣ್ಣು ಬಿಟ್ಟಿದ್ದು ಘಟ್ಟ ಇಳಿದ ಮೇಲೆ, ಲಾ ಒರೋಯಾದ ಹತ್ತಿರ. ಮೊದಲು ತೊಡೆ ತಡವಿಕೊಂಡ. ಮಾಸ್ಕನ್ನು ತಾನೇ ಸರಿಸಿದ.

"ಎಸೆದ್ಯಾ?"

"ಎಸೆದೆ."

"ಸೇತುವೆ ದಾಟಿದ್ಮೇಲೆ ತಾನೇ? ಕೆಂಪು ಬಂಡೆ ಹತ್ರ?"

ದಪ್ಪ ಮನುಷ್ಯ ನನ್ನ ಮುಖ ನೋಡಿ, ತಲೆ ತಗ್ಗಿಸಿದ.

"ಹೂಂ ಅಪ್ಪ. ಬಂಡೆ ಹತ್ರಾನೇ."

ಅಪ್ಪನ ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು. ಒರೆಸಿದೆ. ನನ್ನ ಕೈ ಹಿಡಿದುಕೊಂಡು ನಕ್ಕ. ಇಷ್ಟು ಹಗುರವಾಗಿ ಅವನು ನಕ್ಕಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಇನ್ನು ಯಾವಾಗ ಹೋದ್ರೂ ಪರವಾಗಿಲ್ಲ ಬಿಡು," ಎಂದ. "ಹೋದ ತಕ್ಷಣ ಅವಳನ್ನೇ ಕೇಳ್ತೀನಿ, ಬ್ರೆಡ್ಡು ಹೇಗಿತ್ತಮ್ಮ ಅಂತ."